ಉಗುರು ಬೆಚ್ಚಗಿನ ನೀರೂ ಸುಡುತ್ತದೆ ಅಂತಾರೆ ಅಮ್ಮ, ಯಾರಿಗಾದರೂ ಹೀಗಾಗಿದೆಯಾ?

ಕೇಳಿದವರು, ಬದಿಯಡ್ಕ: ಬಿಸು ಹಬ್ಬಕ್ಕೆ ಪಲ್ಯ ಮಾಡಲು ಅಮ್ಮ ಒಂದು ಬುಟ್ಟಿ ಹಸಿ ಗೇರುಬೀಜ ಸೀಳಿದರು. ಅವಸರದಲ್ಲಿ ಕೈಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಸಿಪ್ಪೆಯ ಸೊನೆ ತಾಗಿ ಬಲಗೈಯ ಎರಡು ಬೆರಳು ಕೆಂಪಾಗಿ ಬಾತಿವೆ, ಚರ್ಮ ಸುಲಿಯುತ್ತಿದೆ. ಇವತ್ತಿಗೆ ನಾಲ್ಕನೇ ದಿನ. ಉಗುರು ಬೆಚ್ಚಗಿನ ನೀರು ಕೊಟ್ಟರೂ "ಕುದಿನೀರು ಯಾಕೆ ತಂದೆ" ಅಂತ ಕೈ ಎಳೆದುಕೊಳ್ಳುತ್ತಾರೆ. ನಾನು ಮುಟ್ಟಿದರೆ ಬಿಸಿಯೇ ಇಲ್ಲ. ಅಪ್ಪ "ಸುಮ್ನೆ ಹೇಳ್ತಾಳೆ" ಅಂತಾರೆ. ಏನು ಮಾಡೋದು?

ಪೆರ್ಲದಿಂದ: ನಮ್ಮಲ್ಲಿ ಪ್ರತಿ ವರ್ಷ ಒಬ್ಬರಿಗಾದರೂ ಆಗುತ್ತದೆ. ಸೀಳುವ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು. ಸುಲಿದ ಮೇಲೆ ಬೂದಿ ಗೀದಿ ಹಾಕಬೇಡಿ. ನಾನು ಹಾಕಿ ರಾತ್ರಿಯಿಡೀ ಕುಣಿದಿದ್ದೇನೆ.

ಮುಳ್ಳೇರಿಯದಿಂದ, ಹೈಸ್ಕೂಲ್ ಟೀಚರ್: ಅಮ್ಮ ಹೇಳುವುದು ನಿಜ ಅಂತ ಮೊದಲು ಅಪ್ಪನಿಗೆ ಹೇಳಿ. ನನಗೂ ಇದೇ ಸೊನೆ ತಾಗಿತ್ತು. ಅನುಮಾನ ಬಂದು ಜ್ವರ ನೋಡುವ ಥರ್ಮಾಮೀಟರನ್ನು ಚೊಂಬಿಗೆ ಅದ್ದಿದೆ. 39 ಡಿಗ್ರಿ ಸೆಲ್ಸಿಯಸ್. ಎಡಗೈ ಬೆರಳಿಗೆ ಹಿತ, ಬಲಗೈಯ ಬಾತ ಬೆರಳಿಗೆ ಕೆಂಡ. ಒಂದೇ ಚೊಂಬು, ಒಂದೇ ನೀರು!

ನೋವು ತಿಳಿಸುವ ನರದ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಪ್ರೋಟೀನ್ ಇದೆ. ಬಾಗಿಲು ಅಂದುಕೊಳ್ಳಿ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಆದ ಮೇಲೆ ತೆರೆಯುತ್ತದೆ. ತೆರೆದರೆ ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗಿ, "ಸುಡ್ತಿದೆ" ಅನ್ನುವ ಸುದ್ದಿ ಮಿದುಳಿಗೆ ಹೊರಡುತ್ತದೆ. ಗಾಂಧಾರಿ ಮೆಣಸು ಕಚ್ಚಿದಾಗ ತೆರೆಯುವುದೂ ಇದೇ ಬಾಗಿಲು. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಮೆಣಸಿನ ಖಾರದ ಬೆನ್ನು ಹಿಡಿದೇ ಇದನ್ನು ಕಂಡುಹಿಡಿಯಿತು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಚರ್ಮ ಬಾತಾಗ ಅಲ್ಲಿ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳು ಸೇರಿಕೊಳ್ಳುತ್ತವೆ. ಇವು ನರದೊಳಗಿನ ಕಿಣ್ವಗಳನ್ನು ಎಬ್ಬಿಸುತ್ತವೆ. ಆ ಕಿಣ್ವಗಳು ಬಾಗಿಲಿಗೆ ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಗೆ ಚಿಲಕ ಸಡಿಲ. ಇನ್ನು 43 ಬೇಕಿಲ್ಲ, ಮೈಬಿಸಿಯ ಆಸುಪಾಸಿನಲ್ಲೇ ತೆರೆದುಕೊಳ್ಳಬಹುದು. ಬಾವು ಇಳಿಯದಿದ್ದರೆ ದಿನ ಕಳೆದಂತೆ ಬಾಗಿಲುಗಳ ಸಂಖ್ಯೆಯೂ ಜಾಸ್ತಿಯಾಗುತ್ತದೆ. 2000ದಲ್ಲಿ ಈ ಪ್ರೋಟೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಪಾದವೇನೋ ಬಾತಿತು, ಬಿಸಿಗೆ ಬೆಚ್ಚುವುದು ಮಾತ್ರ ಹೆಚ್ಚಲಿಲ್ಲ.

ಹಾಗಾಗಿ ತಣ್ಣೀರು ಸಾಕು, ಐಸ್ ಬೇಡ. ಪಾತ್ರೆ, ಒಲೆ ಎರಡರಿಂದಲೂ ದೂರ. ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ, ನನಗೆ ಅದರಿಂದ ಉರಿ ಇಳಿಯಿತು. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನುಂಗಬಾರದು. ಕೀವು ಅಥವಾ ಜ್ವರ ಬಂದರೆ ಇಲ್ಲಿ ಕೇಳುತ್ತಾ ಕೂರಬೇಡಿ, ತೋರಿಸಿ.

ಕುಂಬಳೆಯಿಂದ: ಹಾಗಾದರೆ ಮಂಡಿನೋವಿಗೆ ಶಾಖ ಕೊಡೋದು ತಪ್ಪಾ ಟೀಚರ್? ನಮ್ಮತ್ತೆಗೆ ಅದಿಲ್ಲದೆ ನಿದ್ದೆಯೇ ಬರುವುದಿಲ್ಲ.

ಟೀಚರ್: ಹಳೇ ಬಿಗಿತಕ್ಕೆ ಹಿತವಾದರೆ ಕೊಡಿ. ಕೆಂಪಾಗಿ ಬಾತು, ಮುಟ್ಟಿದರೆ ಬಿಸಿಯಿರುವ ಹೊಸ ಊತಕ್ಕೆ ಬೇಡ.

ಮಂಜೇಶ್ವರದಿಂದ: ನನ್ನ ಕಥೆ ಉಲ್ಟಾ. ಸುಲಿದ ಕೈಯಿಂದಲೇ ಮಗುವಿನ ಸ್ನಾನದ ನೀರು ಮುಟ್ಟಿ ನೋಡಿ, ಇನ್ನೂ ಸುಡ್ತಿದೆ ಅಂತ ತಣ್ಣೀರು ಸುರಿಯುತ್ತಾ ಹೋದೆ. ಪಾಪ, ಮಗು ಗಡಗಡ ನಡುಗಿತು. ಅಜ್ಜಿ ಬಂದು ಬೈದರು. ನೀರು ನೋಡಲು ಇನ್ನೊಂದು ಕೈ ಇದೆಯಲ್ಲ ಅಂತ ಹೊಳೆಯಲೇ ಇಲ್ಲ.

ಕೇಳಿದವರು: ಟೀಚರ್, ಥರ್ಮಾಮೀಟರ್ ಅದ್ದಿ ಅಪ್ಪನಿಗೆ ತೋರಿಸಿದೆ. 38 ಬಂತು. ಅಪ್ಪ ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದರು. ಆಮೇಲೆ ಏನೂ ಹೇಳದೆ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ ಅಮ್ಮನ ಹತ್ತಿರ ಇಟ್ಟರು. ಪಾತ್ರೆ ತೊಳೆಯುವುದು ಸದ್ಯಕ್ಕೆ ನನ್ನ ಪಾಲಿಗೆ ಬಂದಿದೆ.