ಸಹಾಯ ಬೇಕು: ಅಮ್ಮನ ಕೆನಡಾ ಪಿಆರ್ (ಕಾಯಂ ವಾಸದ ಅನುಮತಿ) ಮೆಡಿಕಲ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ನಾನಿರೋದು ಮಿಸಿಸಾಗಾದಲ್ಲಿ. ಹಾಸನದಲ್ಲಿರೋ ಅಮ್ಮನನ್ನು ಸ್ಪಾನ್ಸರ್ ಮಾಡಿದ್ದೆ. ಮೆಡಿಕಲ್‌ನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತಪರೀಕ್ಷೆ) 3.1 ಬಂತು, ಹಿಂದೆಯೇ ಇಮಿಗ್ರೇಷನ್‌ನವರಿಂದ ಪ್ರೊಸೀಜರಲ್ ಫೇರ್‌ನೆಸ್ ಲೆಟರ್, ಅಂದ್ರೆ ಅರ್ಜಿ ತಿರಸ್ಕರಿಸೋ ಮುಂಚೆ ನಮ್ಮ ಉತ್ತರ ಕೇಳೋ ಪತ್ರ. ಉತ್ತರಕ್ಕೆ 90 ದಿನ, 20 ಆಗಲೇ ಹೋಯ್ತು.

ಮುಂದೆ ಡಯಾಲಿಸಿಸ್ ಬೇಕಾಗಬಹುದು, ಸರ್ಕಾರಕ್ಕೆ ಬೀಳೋ ಚಿಕಿತ್ಸೆ ಖರ್ಚು ಮಿತಿ ದಾಟುತ್ತೆ ಅಂತ ಅವರ ವಾದ. 2025ರ ಮಿತಿ ವರ್ಷಕ್ಕೆ 27,162 ಡಾಲರ್. ಹೆಂಡತಿಯನ್ನು ಕರೆಸಿಕೊಂಡಾಗ ಈ ತಲೆನೋವೇ ಇರಲಿಲ್ಲ. ಗಂಡ, ಹೆಂಡತಿ, ಅವಲಂಬಿತ ಮಕ್ಕಳಿಗೆ ಈ ಖರ್ಚಿನ ನಿಯಮ ಅನ್ವಯಿಸಲ್ಲ. ಹೆತ್ತವರಿಗೆ ಮಾತ್ರ ಆ ವಿನಾಯಿತಿ ಇಲ್ಲ! ದುಡ್ಡು ನಾನೇ ಕಟ್ತೀನಿ ಅಂತ ಬರೆದುಕೊಟ್ಟರೂ ಡಯಾಲಿಸಿಸ್‌ನಂಥ ಸರ್ಕಾರಿ ಸೇವೆಗೆ ಸಾಮಾನ್ಯವಾಗಿ ಒಪ್ಪಲ್ಲ.

ಊರಿನ ಡಾಕ್ಟರು ಎರಡು ವರ್ಷದಿಂದ ಕ್ರಿಯಾಟಿನಿನ್ ಏರಿಲ್ಲ ಅಂತಾರೆ. ಹಳೇ ರಿಪೋರ್ಟುಗಳನ್ನೆಲ್ಲ ಅಮ್ಮ ಸೀರೆ ಅಂಗಡಿ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ, ಸದ್ಯ. ಇಂಥ ಪತ್ರಕ್ಕೆ ಉತ್ತರ ಕೊಟ್ಟು ಗೆದ್ದವರು ಯಾರಾದ್ರೂ ಇದ್ದೀರಾ? ಕಿಡ್ನಿ ಡಾಕ್ಟರ ಪತ್ರದಲ್ಲಿ ಏನೇನು ಬರೆಸಿದ್ರಿ? ವಕೀಲರನ್ನು ಹಿಡಿದ್ರಾ?