ಸಹಾಯ ಬೇಕು: ವಿಡಿಯೋ ಗೇಮ್‌ನ ರೆಟರಿಕ್ ದೃಷ್ಟಿಯಿಂದ ಓದೋದು ಹೇಗೆ?

ಎಲ್ರಿಗೂ ನಮಸ್ಕಾರ, ಎಂಎ ಪ್ರಾಜೆಕ್ಟ್‌ಗೆ ವಿಡಿಯೋ ಗೇಮ್ ತಗೊಂಡಿದೀನಿ, ಅದನ್ನ ರೆಟರಿಕ್ (ಅಂದ್ರೆ ಮನವೊಲಿಸೋ ಕಲೆ) ದೃಷ್ಟಿಯಿಂದ ಓದ್ಬೇಕು, ಗೈಡ್ ಒಪ್ಕೊಂಡ್ರು ಆದ್ರೆ ಆಟದಲ್ಲಿ ಮಾತೆಲ್ಲಿದೆ ವಾದ ಎಲ್ಲಿದೆ ಮೊದ್ಲು ತೋರ್ಸು ಅಂತ ಪಟ್ಟು ಹಿಡಿದಿದಾರೆ.

ಗೇಮ್ ವಿದ್ವಾಂಸ ಇಯಾನ್ ಬೊಗೋಸ್ಟ್ 2007ರ ಪುಸ್ತಕದಲ್ಲಿ ವಿವರಿಸಿದ ಪ್ರೊಸೀಜರಲ್ ರೆಟರಿಕ್ ಬಗ್ಗೆ ಓದಿದೀನಿ, ಅಂದ್ರೆ ಗೇಮ್ ತನ್ನ ರೂಲ್ಸ್‌ನಿಂದಾನೇ ವಾದ ಮಾಡುತ್ತೆ ಅನ್ನೋದು. ಗೇಮ್ ಡಿಸೈನರ್ ಗೊಂಜಾಲೊ ಫ್ರಾಸ್ಕಾ ಅವರ 2003ರ ‘ಸೆಪ್ಟೆಂಬರ್ ಟ್ವೆಲ್ತ್’ ಅನ್ನೋ ಗೇಮ್ ಇದಕ್ಕೆ ಸಖತ್ ಉದಾಹರಣೆ, ಭಯೋತ್ಪಾದಕನ ಮೇಲೆ ಕ್ಷಿಪಣಿ ಬಿಟ್ರೆ ಪಕ್ಕದಲ್ಲಿರೋ ಜನಾನೂ ಸಾಯ್ತಾರೆ, ಹೆಣದ ಮುಂದೆ ಅಳೋಕೆ ಬಂದೋರೇ ಭಯೋತ್ಪಾದಕರಾಗ್ತಾರೆ, ಗೆಲ್ಲೋ ದಾರೀನೇ ಇಲ್ಲ. ಪಾತ್ರಗಳ ಬಾಯಲ್ಲಿ ಒಂದು ಭಾಷಣಾನೂ ಇಲ್ಲ!

ನಾನು ಸಿಕ್ಕಾಕೊಂಡಿರೋದು ಮುಂದೆ. ಆಡೋರು ಆ ರೂಲ್ಸ್‌ನ ತಮಗೆ ಬೇಕಾದಂಗೆ ತಿರುಗಿಸ್ಕೊಂಡ್ರೆ ವಾದ ಯಾರದ್ದಾಗುತ್ತೆ, ಡಿಸೈನರ್‌ದಾ ಆಡೋರ್ದಾ? ಇನ್ನೊಬ್ಬ ಗೇಮ್ ವಿದ್ವಾಂಸ ಮಿಗೆಲ್ ಸಿಕಾರ್ಟ್ 2011ರಲ್ಲಿ ಇದೇ ಜಗಳ ತೆಗ್ದಿದಾರೆ, ಅರ್ಥ ಬರೀ ರೂಲ್ಸ್‌ನಲ್ಲಿಲ್ಲ, ಆಡೋರ ಆಟದಲ್ಲೂ ಇದೆ ಅಂತ. ನಂಗೆ ಬೊಗೋಸ್ಟ್, ಸಿಕಾರ್ಟ್ ಇಬ್ರೂ ಸರಿ ಅನ್ಸತ್ತೆ, ಅದೇ ಕಷ್ಟ.

ಇನ್ನೊಂದು, ನಾನು ಆಡಿದ್ದನ್ನ ಪುರಾವೆಯಾಗಿ ಹೆಂಗೆ ಕೊಡೋದು, ಸ್ಕ್ರೀನ್ ರೆಕಾರ್ಡಿಂಗ್ ಸಾಕಾ ಇಲ್ಲ ಡೈರಿ ಥರ ಬರೀಬೇಕಾ? ಇಂಥದ್ದು ಮಾಡಿರೋರು ಯಾರಾದ್ರೂ ಇದ್ರೆ ಹೇಳಿ. ಹಾಗೇ ಪ್ರೊಸೀಜರಲ್ ರೆಟರಿಕ್‌ಗೆ ಕನ್ನಡದಲ್ಲಿ ಒಳ್ಳೆ ಪದ ಇದ್ರೆ ಕೊಡಿ, ನಾನು ‘ನಿಯಮವಾಗ್ಮಿತೆ’ ಅಂತ ಬರ್ದು ನಾನೇ ನಕ್ಕೆ.