ಹಳೇ ಕಾರ್ಬುರೇಟರ್ ಕಾರಿಗೆ ಇ20 ಪೆಟ್ರೋಲ್, ಪೈಪ್ ಬದಲಿಸಬೇಕಾ?

ಹಳೇಗಾಡಿ_ಮಂಡ್ಯ: ಅಪ್ಪನ 1997ರ ಕಾರು, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ) ಇರೋ ಗಾಡಿ. ಹಾಕೋದು ಇ20, ಅಂದ್ರೆ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಮಳೆಗಾಲದಲ್ಲಿ ಎರಡು ತಿಂಗಳು ಸುಮ್ನೆ ಶೆಡ್ಡಿನಲ್ಲಿ ನಿಂತಿತ್ತು. ಮೊನ್ನೆ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಪಂಪಿನ ಹತ್ತಿರದ ರಬ್ಬರ್ ಪೈಪ್ ಹಿಚುಕಿದರೆ ನೆನೆದ ರಸ್ಕಿನ ಥರ ಮೆತ್ತಗೆ, ಬೆರಳಿಗೆಲ್ಲ ಕಪ್ಪು ಮಸಿ. ಇದು ಎಥೆನಾಲ್ ಕೆಲಸಾನಾ? (ಎಥೆನಾಲ್ ಕಬ್ಬಿನಿಂದಲೂ ಮಾಡ್ತಾರಲ್ಲ, ಕಬ್ಬಿನ ಊರಿನವನೇ ಕಬ್ಬಿನ ಮೇಲೆ ದೂರು ಹೇಳ್ತಿದ್ದಾನೆ ಅಂತ ನಗಬೇಡಿ.)

ಗ್ಯಾರೇಜ್_ಮಾವ: ವಾಸನೆ ಇರುವಾಗ ಸ್ಟಾರ್ಟ್ ಮಾಡಲೇಬೇಡಿ. ಅಷ್ಟು ಹಳೇ ರಬ್ಬರ್ ಹೇಗೂ ಹೋಗುತ್ತೆ, ಎಥೆನಾಲ್ ಬೇಗ ಕಳಿಸುತ್ತೆ, ಅಷ್ಟೇ. ಎಥೆನಾಲ್ ತಡೆಯುವ ಪೈಪ್ ಅಂತಲೇ ಕೇಳಿ ತನ್ನಿ. ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ), ಗ್ಯಾಸ್ಕೆಟ್ (ಜೋಡಣೆ ಸೋರದಂತೆ ತಡೆಯುವ ಪಟ್ಟಿ) ಕೂಡ ನೋಡಿಸಿ. ಎಥೆನಾಲ್ ಟ್ಯಾಂಕಿನ ಹಳೇ ಕಸ ಎಬ್ಬಿಸುತ್ತೆ, ಫಿಲ್ಟರ್ ಹೊಸದು ಹಾಕಿ.

ದಿನಾ_60ಕಿಮೀ: ನಿಲ್ಲಿಸಿದ್ದೇ ತಪ್ಪು ಸಾರ್. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಆಮೇಲೆ ತುಕ್ಕು. ಮೈಲೇಜೂ ಸ್ವಲ್ಪ ಬೀಳುತ್ತೆ. ಲೀಟರ್ ಲೆಕ್ಕದಲ್ಲಿ ಎಥೆನಾಲ್ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ ಅಲ್ವಾ?

ಹಳೇಗಾಡಿ_ಮಂಡ್ಯ: ಪೈಪ್ ಬದಲಾಯ್ತು. ಫಿಲ್ಟರ್ ಬಿಚ್ಚಿದರೆ ಟೀ ಚರಟದ ಥರ ಕಂದು ಪುಡಿ! ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣದವರೆಗೆ ಹೋಗಿ ಬರ್ತೀನಿ.